ಮುನಿದ ಗೆಳತಿಯರು ಕೂಡುವ ಆಟ

ಬೈಲಹೊಂಗಲವೆಂದರೆ ಬಯಲಾಟ ಬಲ್ಲವರಿಗೆ ಮೊದಲು ನೆನಪಾಗುವುದು ಇಬ್ಬರು ಗೆಳೆಯರು, ಸಂಗ್ಯಾ ಮತ್ತು ಬಾಳ್ಯಾ. ಆ ಊರಿನಲ್ಲಿ ನಡೆದುದೆಂದು ಹೇಳಲಾಗುವ ಘಟನೆಯೊಂದನ್ನು ಎತ್ತಿಕೊಂಡು ಬೈಲವಾಡದ ಪತ್ತಾರ ಮಾಸ್ತರರು ಕಟ್ಟಿದ ಸಣ್ಣಾಟ ಅದು. ದೇವರುಗಳೂ ರಾಜರೂ ಕುಣಿಯುತ್ತಿದ್ದ ಅಟ್ಟದ ಮೇಲೆ ಸಂತೆಯಲ್ಲಿ ಎದುರಾಗುವಂಥ ಮನುಷ್ಯರು ಬಂದು ನಿಂತರು. ಅದರಿಂದ ಆ ಆಟಕ್ಕೆ ಬಂದ ಖ್ಯಾತಿ ಇಂದಿಗೂ ಇಳಿದಿಲ್ಲ. ಶ್ರೀಮಂತ ಸಂಗ್ಯಾ ವ್ಯಾಪಾರಿ ಈರ್ಯಾನ ಹೆಂಡತಿ ಗಂಗಿಯ ಮೇಲೆ ಮನಸ್ಸಿಡುತ್ತಾನೆ. ಗೆಳೆಯ ಬಾಳ್ಯಾ ಆ ಮನಸ್ಸಿನ ಸುದ್ದಿ ಹೊತ್ತು ತಿರುಗುತ್ತಾನೆ. ಕೊನೆಗೆ ಅದೇ ಬಾಳ್ಯಾ ತಿರುಗಿಬೀಳುತ್ತಾನೆ, ಸಂಗ್ಯಾನ ಕೊಲೆಯಾಗುತ್ತದೆ. ಆಟ ಮುಗಿದು ಬೆಳಗಾದ ಮೇಲೆ ಜನ ಗಂಗಿಯ ಪ್ರೀತಿಗಿಂತ ಹೆಚ್ಚಾಗಿ ಗೆಳೆಯ ಗೆಳೆಯನಿಗೆ ಬಗೆದ ದ್ರೋಹಕ್ಕೇ ಮರುಗುತ್ತಾರೆಂದು ನನಗೆ ಅನ್ನಿಸುತ್ತದೆ. ಆಟದ ಹೆಸರಿನಲ್ಲಿಯೂ ಗಂಗಿ ಇಲ್ಲ.

ಹಾಗಾದರೆ ಗಂಗಿಗೆ ಒಬ್ಬ ಗೆಳತಿ ಇದ್ದಳೇ? ಈ ಪ್ರಶ್ನೆಯನ್ನು ಆಟ ಕೇಳುವುದಿಲ್ಲ, ನೋಡಿದವರೂ ಸಾಮಾನ್ಯವಾಗಿ ಕೇಳಿದವರಲ್ಲ. ಅವಳ ಹೊಸ್ತಿಲಿಗೆ ಬರುವವರೆಲ್ಲ ಯಾರೋ ಗಂಡಸಿನ ಮಾತು ಹೊತ್ತು ಬಂದವರೇ. ಈಗ ಆ ಪ್ರಶ್ನೆಯನ್ನು ಎತ್ತಲು ಒಂದು ಕಾರಣವಿದೆ. ಈಚಿನ ವರ್ಷಗಳಲ್ಲಿ ಇಂಗ್ಲಿಷ್ ಕಾದಂಬರಿಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಒಂದು ಹೊಸ ಬಗೆಯ ಕತೆ ಬಹಳ ಜನಪ್ರಿಯವಾಗಿದೆ. ಒಂದು ಕಾಲಕ್ಕೆ ಪ್ರಾಣಕ್ಕೆ ಪ್ರಾಣವಾಗಿದ್ದ ಇಬ್ಬರು ಗೆಳತಿಯರು ಯಾವುದೋ ಮುನಿಸಿನಿಂದ ಅಗಲಿರುತ್ತಾರೆ. ವರ್ಷಗಳ ಮೇಲೆ ಒಂದು ಮದುವೆಯಲ್ಲೋ ಹುಟ್ಟೂರಿನ ಹಬ್ಬದಲ್ಲೋ ಎದುರುಬದುರಾಗುತ್ತಾರೆ. ಜಗಳ, ಕುಹಕ, ಪೇಚು, ನಗೆ ಎಲ್ಲ ನಡೆದು, ಅಂದು ಮುನಿಸೆಂದುಕೊಂಡದ್ದರ ಬುಡದಲ್ಲಿ ಪ್ರೇಮವಿತ್ತೆಂದು ಇಬ್ಬರಿಗೂ ತಿಳಿಯುತ್ತದೆ. ಹೆಣ್ಣು ಹೆಣ್ಣನ್ನು ಪ್ರೀತಿಸುವುದಕ್ಕೆ ಆ ಭಾಷೆಯಲ್ಲಿ ‘ಸ್ಯಾಫಿಕ್’ ಎಂಬ ಮಾತಿದೆ. ಸುಮಾರು 2,600 ವರ್ಷಗಳ ಹಿಂದೆ ಗ್ರೀಸಿನ ಲೆಸ್ಬೋಸ್ ದ್ವೀಪದಲ್ಲಿದ್ದ, ತನ್ನ ಗೆಳತಿಯರನ್ನು ಕುರಿತು ಹಾಡು ಕಟ್ಟಿದ ಸ್ಯಾಫೋ ಎಂಬ ಕವಯಿತ್ರಿಯ ಹೆಸರಿನಿಂದ ಹುಟ್ಟಿದ ಮಾತು ಅದು.

ಇಂಥ ಕತೆ ನಮ್ಮದಲ್ಲ, ಹಡಗು ಹತ್ತಿ ಬಂದದ್ದು ಎಂದುಬಿಡುವುದು ಸುಲಭ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಈ ಮಲಪ್ರಭೆಯ ಸೀಮೆಯನ್ನೇ ತೆಗೆದುಕೊಂಡು ನೋಡಿದರೆ ವಿಚಾರ ಅಷ್ಟು ಸರಳವಾಗಿಲ್ಲ. ಇಂಥ ಆಟಕ್ಕೆ ಬೇಕಾದ ಸಾಮಾನುಗಳೆಲ್ಲ ಇಲ್ಲಿ ಒಂದೊಂದು ಕಡೆ ಬಿದ್ದಿವೆ. ಇಲ್ಲದ್ದು ಒಂದೇ, ಆಟದ ಕೊನೆ.

ಮೊದಲು ಮುನಿಸಿನ ಸಂಗತಿ. ಮುನಿಸನ್ನು ಹಾಸ್ಯದ ವಸ್ತುವಾಗಿ ಇಡೀ ರಾತ್ರಿ ಎಳೆಯುವ ಕಲೆಯನ್ನು ಈ ಜಿಲ್ಲೆಯಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಶ್ರೀಕೃಷ್ಣ ಪಾರಿಜಾತವನ್ನೇ ನೋಡಿ. ಅಪರಾಳ ತಮ್ಮಣ್ಣನ ಹೆಸರಿನೊಂದಿಗೆ, ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದುಬಂದ ಈ ಆಟದಲ್ಲಿ ನಡೆಯುವುದಾದರೂ ಏನು? ನಾರದ ಸ್ವರ್ಗದಿಂದ ಒಂದು ಹೂ ತರುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ. ಅಲ್ಲಿಂದ ಮುಂದೆ ಯುದ್ಧವಿಲ್ಲ, ರಾಕ್ಷಸರಿಲ್ಲ. ಇರುವುದೆಲ್ಲ ಬಾಗಿಲು ಹಾಕಿಕೊಂಡ ಹೆಣ್ಣು, ಹೊರಗೆ ನಿಂತ ಗಂಡು, ನಡುವೆ ಓಡಾಡುವ ದೂತಿ, ಎಲ್ಲರನ್ನೂ ಕೆಣಕುವ ಭಾಗವತ. ಹಾರ್ಮೋನಿಯಂ, ತಬಲಾ, ತಾಳಗಳ ಮೇಲೆ ಒಂದು ಹಟ, ಅದಕ್ಕೊಂದು ಪಾಟೀ ಸವಾಲು, ಮತ್ತೊಂದು ಹಟ. ಪ್ರೇಕ್ಷಕರು ಕೌದಿ ಹೊದ್ದು ಕೂತು ಬೆಳಗಿನ ತನಕ ನಗುತ್ತಾರೆ. ಮುನಿಸು ಮುರಿಯುತ್ತದೆಂದು ಎಲ್ಲರಿಗೂ ಗೊತ್ತು, ಹೇಗೆ ಮುರಿಯುತ್ತದೆ ಎಂಬುದೇ ಆಟ. ಇಂದಿನ ಪ್ರಣಯ ಹಾಸ್ಯದ ಚಲನಚಿತ್ರ ಇದಕ್ಕಿಂತ ಹೆಚ್ಚಿನದನ್ನು ಕಂಡುಹಿಡಿದಿಲ್ಲ.

ಪಾರಿಜಾತದ ಕತೆಯ ಕೊನೆಗೆ ಜನ ಹೇಳುವ ಒಂದು ಸೊಗಸಾದ ತಿರುವು ಇದೆ. ಮರವನ್ನೇ ತಂದು ಭಾಮೆಯ ಅಂಗಳದಲ್ಲಿ ನೆಟ್ಟರೂ ಹೂವು ಮಾತ್ರ ಉದುರುವುದು ರುಕ್ಮಿಣಿಯ ಅಂಗಳದಲ್ಲಿ! ಸಾಮಾನ್ಯವಾಗಿ ಇದನ್ನು ಕೃಷ್ಣನ ಚಾತುರ್ಯವೆಂದು ಹೇಳಿ ಮುಗಿಸುತ್ತೇವೆ. ಗೋಡೆಯ ಈಚೆ ಬೇರು, ಆಚೆ ಹೂವು ಇಟ್ಟುಕೊಂಡ ಆ ಇಬ್ಬರು ಹೆಂಗಸರು ಮರುದಿನ ಬೆಳಿಗ್ಗೆ ಏನು ಮಾತಾಡಿಕೊಂಡರು ಎಂಬುದು ಯಾವ ಮೇಳಕ್ಕೂ ಬೇಕಾದಂತಿಲ್ಲ.

ಇನ್ನು ವೇಷದ ಸಂಗತಿ. ರಂಗದ ಮೇಲೆ ಇಬ್ಬರು ಹೆಂಗಸರು ಪ್ರಣಯ ನಟಿಸಿದರೆ ಊರು ಏನೆಂದೀತು ಎಂದು ಹೆದರುವವರು ಹಳೆಯ ರಂಗಭೂಮಿಯನ್ನು ಸ್ವಲ್ಪ ನೆನೆಯಬೇಕು. ಸವದತ್ತಿ ಸೀಮೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, 2018ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ಮುಂದೆ ಬಸವಣ್ಣನ ಪಾತ್ರದಿಂದ ಮನೆಮಾತಾದರು. ಆದರೆ ಹರೆಯದಲ್ಲಿ ಅವರು ಹೆಸರು ಮಾಡಿದ್ದು ಸ್ತ್ರೀಪಾತ್ರಗಳಲ್ಲಿ. ಗಡಿಯಾಚೆ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರು ಸೀರೆ ಉಟ್ಟು ನಿಂತರೆ ಮರುದಿನ ಮನೆಮನೆಯ ಹೆಂಗಸರು ಅದೇ ರೀತಿ ಸೆರಗು ಹೊದೆಯುತ್ತಿದ್ದರು. ಸೀರೆಯೊಳಗೆ ಗಂಡಸಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು, ಅದರಿಂದ ಯಾರ ಸಂಸಾರವೂ ಕೆಡಲಿಲ್ಲ. ಇತ್ತ ಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮ, ಹೆಂಗಸರು ರಂಗಕ್ಕೆ ಬರುವುದೇ ಅಪರೂಪವಾಗಿದ್ದ ಕಾಲದಲ್ಲಿ, ತಾನೇ ಮೇಳದ ಯಜಮಾನಿಯಾಗಿ ನಿಂತಳು. ದೂರದ ಮೈಸೂರಿನಲ್ಲಿ ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರದೇ ಒಂದು ನಾಟಕ ಮಂಡಳಿ ಕಟ್ಟಿದರು. ಕಂಸ, ಭೀಮರಂಥ ಗಂಡುಪಾತ್ರಗಳಲ್ಲಿ ಅವರದು ದೊಡ್ಡ ಹೆಸರು. ಆ ಮಂಡಳಿಯ ರಂಗದಲ್ಲಿ ನಾಯಕನೂ ಹೆಣ್ಣು, ನಾಯಕಿಯೂ ಹೆಣ್ಣು. ಸರಕಾರ ಅವರಿಗೆ 2012ರಲ್ಲಿ ಪದ್ಮಶ್ರೀ ಕೊಟ್ಟಿತು.

ಪುರಾಣದ ಆಟಗಳಲ್ಲಿ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವ ಸಂದರ್ಭವಿದೆ. ಶ್ರೀನಿವಾಸ ಕಲ್ಯಾಣದ ಕತೆಯಲ್ಲಿ ಶ್ರೀನಿವಾಸ ಕೊರವಂಜಿಯ ವೇಷದಲ್ಲಿ ಬುಟ್ಟಿ ಹೊತ್ತು ಅರಮನೆಗೆ ಬರುತ್ತಾನೆ, ಕಣಿ ಹೇಳುತ್ತಾನೆ. ಪದ್ಮಾವತಿ ತನ್ನ ಮನಸ್ಸಿನಲ್ಲಿದ್ದುದನ್ನು ತಾಯಿಗೆ ಹೇಳಿಕೊಳ್ಳಲಾರದವಳು. ಆ ಗುಟ್ಟನ್ನು ಹೊರಗೆ ತೆಗೆಯುವುದು ಹೆಂಗಸಿನ ವೇಷ. ಹೆಣ್ಣಿನ ಒಳಗುಟ್ಟನ್ನು ತಿಳಿಯಬೇಕಾದರೆ ದೇವರೂ ಹೆಣ್ಣಾಗಿ ಬರಬೇಕಾಯಿತು ಎಂಬುದನ್ನು ನಮ್ಮ ಜನ ತುಂಬ ಹಿಂದೆಯೇ ಒಪ್ಪಿಕೊಂಡಿದ್ದಾರೆ.

ವೇಷ ಸಿಕ್ಕಿತು, ಮುನಿಸು ಸಿಕ್ಕಿತು. ಗೆಳತಿಯರು ಎಲ್ಲಿ? ರಂಗದಿಂದ ಇಳಿದು ಹಬ್ಬಗಳ ಕಡೆ ಹೋಗಬೇಕು. ಬೆಳಗಾವಿ, ಧಾರವಾಡದ ಕಡೆ ನಾಗರಪಂಚಮಿ ನಾಗಪ್ಪನಿಗೆ ಹಾಲೆರೆಯುವ ಹಬ್ಬ ಹೌದು. ಹೆಣ್ಣುಮಕ್ಕಳಿಗೆ ಮಾತ್ರ ಅದು ತವರಿಗೆ ಬರುವ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳಿಟ್ಟು, ಕಟಕ್ ರೊಟ್ಟಿ ಎಲ್ಲ ಸಿದ್ಧವಾಗಿರಬೇಕು. ಊರ ಹೊರಗಿನ ಬೇವಿನ ಮರಕ್ಕೋ ಹುಣಸೆಯ ಟೊಂಗೆಗೋ ಹಗ್ಗ ಕಟ್ಟಿ ಜೋಕಾಲಿ ಇಳಿಬಿಡಬೇಕು. ಆ ಜೋಕಾಲಿಯ ಮೇಲೆ ಇಬ್ಬರು ಎದುರುಬದುರು ನಿಂತು, ಒಬ್ಬರ ಕಾಲ ಸಂದಿಯಲ್ಲಿ ಇನ್ನೊಬ್ಬರು ಕಾಲಿಟ್ಟು, ಸರದಿಯ ಮೇಲೆ ಮೊಣಕಾಲು ಬಗ್ಗಿಸಿ ಮೀಟುತ್ತಾರೆ. ಒಬ್ಬಳು ತಪ್ಪಿದರೆ ಇಬ್ಬರೂ ಬೀಳುತ್ತಾರೆ. ಎಂಟು ಹತ್ತು ವರ್ಷಕ್ಕೇ ಮದುವೆಯಾಗಿ ಮೈನೆರೆದ ಮೇಲೆ ಗಂಡನ ಊರಿಗೆ ಹೋಗುತ್ತಿದ್ದ ಕಾಲದಲ್ಲಿ, ಮುರಗೋಡಕ್ಕೆ ಕೊಟ್ಟವಳೂ ಕಟಕೋಳಕ್ಕೆ ಕೊಟ್ಟವಳೂ ಮತ್ತೆ ಮುಖ ನೋಡುತ್ತಿದ್ದುದು ವರ್ಷಕ್ಕೊಮ್ಮೆ, ಈ ಹಗ್ಗದ ಮೇಲೆ. ಅಗಲಿದ ಗೆಳತಿಯರು ಕೂಡುವುದಕ್ಕೆ ಪಂಚಾಂಗದಲ್ಲಿಯೇ ಒಂದು ದಿನವಿತ್ತು.

ಮುನಿಸು ಮುರಿಯುವುದಕ್ಕೂ ದಿನಗಳಿವೆ. ದಸರೆಯಲ್ಲಿ ‘ಬನ್ನಿ ತಗೊಂಡು ಬಂಗಾರದಂಗ ಇರೋಣ’, ಸಂಕ್ರಾಂತಿಯಲ್ಲಿ ಕುಸುರೆಳ್ಳು ಕೊಟ್ಟು ‘ಎಳ್ಳು ಬೆಲ್ಲದಂಗ ಇರೋಣ’. ವರ್ಷವಿಡೀ ಮಾತುಬಿಟ್ಟವರು ಅಂದು ಒಬ್ಬರ ಹೊಸ್ತಿಲಿಗೆ ಒಬ್ಬರು ಬಂದರೆ ಯಾರೂ ಸೋತಂತೆ ಅಲ್ಲ. ಯಾರು ಮೊದಲು ಮಾತಾಡಬೇಕೆಂಬ ತೊಡಕು ಪ್ರಣಯ ಹಾಸ್ಯದ ಅರ್ಧ ಕತೆ. ಅದನ್ನು ಇಲ್ಲಿನ ಹಬ್ಬಗಳು ಬಿಡಿಸಿ ಇಟ್ಟಿವೆ.

ಆದರೆ ಪಂಚಮಿಯ ಹಾಡುಗಳು ಅಣ್ಣನನ್ನು ಹಾಡುತ್ತವೆ, ತವರನ್ನು ಹಾಡುತ್ತವೆ, ಹಡೆದವ್ವನನ್ನು ಹಾಡುತ್ತವೆ. ಗೆಳತಿ ಬಹುಮಟ್ಟಿಗೆ ಹಾಡನ್ನು ಕೇಳಿಸಿಕೊಳ್ಳುವವಳು. ಸಾಲಿನ ಕೊನೆಯಲ್ಲಿ ‘ಗೆಳತಿ’ ಎಂದೋ ‘ಗೆಣತಿ’ ಎಂದೋ ಕರೆಸಿಕೊಂಡು ಸುಮ್ಮನಾಗುತ್ತಾಳೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿ ಹೆಂಗಸರ ಈ ಭಂಡಾರವನ್ನು ಕನ್ನಡಕ್ಕೆ ತೆರೆದುಕೊಟ್ಟರು. ಅವರ ಉಪಕಾರ ದೊಡ್ಡದು. ಒಂದು ಮಾತನ್ನು ಮಾತ್ರ ಇಲ್ಲಿ ಗಮನಿಸಬೇಕು. ಹಾಡು ಗರತಿಯದು, ಹೆಸರಾದ ಸ್ನೇಹ ಗೆಳೆಯರದು. ಅದೇ ಕಾಲಕ್ಕೆ ಧಾರವಾಡದಲ್ಲಿ ಬೇಂದ್ರೆಯವರ ‘ಗೆಳೆಯರ ಗುಂಪು’ ಇತ್ತು. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂಬಾ ಜೋಶಿಯವರಂಥ ವಿದ್ವಾಂಸರೂ ಆ ಗುಂಪಿನ ಒಡನಾಟದಲ್ಲಿ ಬೆಳೆದವರು. ಗಂಡಸರ ಸ್ನೇಹಕ್ಕೆ ಗುಂಪು, ಪತ್ರಿಕೆ, ಮುನ್ನುಡಿ, ಚರಿತ್ರೆ ಎಲ್ಲ ದೊರೆತವು. ಜೋಕಾಲಿಯ ಮೇಲಿನ ಸ್ನೇಹಕ್ಕೆ ದೊರೆತದ್ದು ಶ್ರಾವಣದ ನಾಲ್ಕು ದಿನ. ಆ ಸ್ನೇಹದಲ್ಲಿ ಎಷ್ಟು ಪಾಲು ಪ್ರೇಮವಿತ್ತು ಎಂದು ಅಳೆಯಲು ನಮ್ಮಲ್ಲಿ ಕಾಗದಪತ್ರವಿಲ್ಲ. ಇರಲಿಲ್ಲವೆಂದು ಹೇಳುವುದಕ್ಕೂ ಇಲ್ಲ.

ಈ ಸೀಮೆ ಹೆಣ್ಣನ್ನು ಮರೆತಿದೆ ಎಂದು ಹೇಳಿದರೆ ಜನ ನಕ್ಕಾರು. ಕಿತ್ತೂರಿನ ಹೆಸರೇ ಚೆನ್ನಮ್ಮನ ಹೆಸರು. 1824ರ ಅಕ್ಟೋಬರಿನಲ್ಲಿ ಕಂಪನಿ ಸರಕಾರದ ಥ್ಯಾಕರೆ ಅಲ್ಲಿ ಬಿದ್ದ. 1829ರಲ್ಲಿ ರಾಣಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು, ಸಮಾಧಿ ಅಲ್ಲಿಯೇ ಇದೆ. ಬೈಲಹೊಂಗಲದ ಹತ್ತಿರದ ಬೆಳವಡಿಯ ಮಲ್ಲಮ್ಮ ಹೆಂಗಸರ ದಂಡು ಕಟ್ಟಿ ಶಿವಾಜಿಯ ಸೈನ್ಯವನ್ನು ಎದುರಿಸಿದಳೆಂದು ಜನ ಅಭಿಮಾನದಿಂದ ಹೇಳುತ್ತಾರೆ. ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರ ಶಬರಿ ಕೊಳ್ಳವಿದೆ. ಕಾಯುವುದಕ್ಕೂ ಇಲ್ಲಿ ಒಂದು ಗುಡಿ! ಖಡ್ಗ ಹಿಡಿದವಳು, ಕಾದವಳು, ಇವರಿಗೆಲ್ಲ ಸ್ಥಳವುಂಟು. ಮಲ್ಲಮ್ಮನ ದಂಡಿನಲ್ಲಿ ಪಕ್ಕಪಕ್ಕದಲ್ಲಿ ಕುದುರೆ ಹತ್ತಿದ ಇಬ್ಬರು ಸಾಮಾನ್ಯ ಹೆಂಗಸರಿಗೆ ಕತೆಯಿಲ್ಲ.

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬಂದಾಗ ಮಾತು ಬೇರೆಯಾಗುತ್ತದೆ. ಗಂಡನಿಂದ ಶಾಪ ಪಡೆದು, ಮಗನಿಂದ ತಲೆ ಕಡಿಸಿಕೊಂಡ ರೇಣುಕೆ ಅಲ್ಲಿಯ ದೇವಿ. ಕತೆಯ ಒಂದು ಪಾಠದಲ್ಲಿ ರೇಣುಕೆಗೆ ಆಶ್ರಯ ಕೊಟ್ಟ ಕೇರಿಯ ಹೆಂಗಸಿನ ತಲೆಯೂ ಕೊಡಲಿಗೆ ಬೀಳುತ್ತದೆ. ಮತ್ತೆ ಜೀವ ಕೊಡುವ ಗಡಿಬಿಡಿಯಲ್ಲಿ ಇವಳ ತಲೆ ಅವಳ ಮುಂಡಕ್ಕೆ, ಅವಳ ತಲೆ ಇವಳ ಮುಂಡಕ್ಕೆ ಕೂಡುತ್ತದೆ. ಯಲ್ಲಮ್ಮನೂ ಮಾತಂಗಿಯೂ ಹೀಗೆ ಒಬ್ಬರಲ್ಲೊಬ್ಬರು ಅರ್ಧರ್ಧವಾದವರು. ಗಂಡನೂ ಮಗನೂ ಕೈಬಿಟ್ಟಾಗ ಕೈಹಿಡಿದವಳು ಜಾತಿಯ ಗೆರೆಯಾಚೆಯ ಒಬ್ಬ ಹೆಂಗಸು ಎಂಬುದನ್ನು ಆ ಕತೆ ಮರೆಸಿಲ್ಲ.

ಆ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಂಗಸರು ಗಂಡಸನ್ನು ಮದುವೆಯಾಗುವಂತಿರಲಿಲ್ಲ. ಗಂಡುಮಕ್ಕಳಿಲ್ಲದ ಮನೆಗಳಲ್ಲಿ ಅವರು ಮಗನ ಸ್ಥಾನದಲ್ಲಿ ನಿಂತು ಮನೆತನ ನಡೆಸಿದ್ದೂ ಉಂಟು. ಈ ಕಡೆಯ ಜೋಗತಿಯರ ನಡುವೆ ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞೆ ಲೂಸಿಂಡಾ ರಾಂಬರ್ಗ್ 2014ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಂಗತಿಯನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ರಂಡಿ ಹುಣ್ಣಿಮೆಗೆ ಒಟ್ಟಿಗೆ ಬಳೆ ಒಡೆದು, ಮುತ್ತೈದೆ ಹುಣ್ಣಿಮೆಗೆ ಒಟ್ಟಿಗೆ ಬಳೆ ತೊಟ್ಟು, ಚೌಡಿಕೆ ಹಿಡಿದು ಊರೂರು ತಿರುಗುವ ಹೆಂಗಸರ ಬಾಳಿನಲ್ಲಿ ಒಬ್ಬರಿಗೊಬ್ಬರ ಆಸರೆಯೇ ಸಂಸಾರ. ಇದನ್ನು ಕಂಡು ಅಲ್ಲೊಂದು ಸ್ವತಂತ್ರ ಸ್ತ್ರೀರಾಜ್ಯವಿತ್ತೆಂದು ಹಾಡಿ ಹೊಗಳುವ ಉಮೇದು ಕೆಲವರಿಗೆ ಬರುತ್ತದೆ. ನಾನು ಅದಕ್ಕೆ ಒಪ್ಪುವವನಲ್ಲ. ಮುತ್ತು ಬಿದ್ದದ್ದು ಹೆಚ್ಚಾಗಿ ದಲಿತ ಹುಡುಗಿಯರ ಕೊರಳಿಗೆ, ಅದರ ಲಾಭ ಉಂಡವರು ಊರ ಗಟ್ಟಿಕುಳಗಳು. 1982ರ ದೇವದಾಸಿ ನಿಷೇಧ ಕಾಯಿದೆ ಸುಮ್ಮನೆ ಬಂದದ್ದಲ್ಲ. ಗುಡ್ಡ ಇನ್ನೊಂದು ವಿಷಯದಲ್ಲಿಯೂ ಅರ್ಧ ದಾರಿಗೆ ನಿಂತಿತು. ಗಂಡಾಗಿ ಹುಟ್ಟಿ ಸೀರೆ ಉಟ್ಟ ಜೋಗಪ್ಪನಿಗೆ ಅಲ್ಲಿ ಹೆಸರಿದೆ, ಕೊಡವಿದೆ, ಹಾಡಿದೆ. ಆ ಪರಂಪರೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹೆಣ್ಣಾಗಿದ್ದುಕೊಂಡೇ ಹೆಣ್ಣಿಗೆ ಮನಸ್ಸು ಕೊಟ್ಟವಳಿಗೆ ಮಾತ್ರ ಯಲ್ಲಮ್ಮನ ಪರಿವಾರದಲ್ಲಿಯೂ ಒಂದು ಹೆಸರಿಲ್ಲ.

ಈಗ ಆಟದ ಕೊನೆಯ ವಿಚಾರ. ಹಾಸ್ಯಪ್ರಧಾನ ನಾಟಕ ಎಲ್ಲ ದೇಶಗಳಲ್ಲಿಯೂ ಒಂದು ಮನೆಯಲ್ಲಿ ಮುಗಿಯುತ್ತದೆ. ಮದುವೆಯ ಚಪ್ಪರ, ತೆರೆದ ಬಾಗಿಲು, ಎಲ್ಲರೂ ಕೂತು ಉಣ್ಣುವ ಪಂಕ್ತಿ, ಹಿರಿಯರ ಒಪ್ಪಿಗೆ. ದುರಂತಕ್ಕೆ ಇದಾವುದೂ ಬೇಡ, ಒಂದು ಬಾವಿ ಸಾಕು. ಹೆಣ್ಣು ಹೆಣ್ಣಿನ ಪ್ರೇಮವನ್ನು ಹೇಳಹೊರಟವರೆಲ್ಲ ಬಹುಕಾಲ ಬಾವಿಯ ಕಡೆಗೇ ನಡೆದದ್ದು ಇದೇ ಕಾರಣಕ್ಕೆ. ಶೇಕ್ಸ್‌ಪಿಯರ್ ಸುಮಾರು 1601ರಲ್ಲಿ ಬರೆದ ‘ಹನ್ನೆರಡನೆಯ ರಾತ್ರಿ’ಯಲ್ಲಿ ಗಂಡುಡುಗೆ ತೊಟ್ಟ ವಯೋಲಾಳನ್ನು ಕಂಡು ಒಲಿವಿಯಾ ಮರುಳಾಗುತ್ತಾಳೆ. ನಗೆಯೆಲ್ಲ ಮುಗಿದು ಇನ್ನೇನು ಮಾಡಬೇಕೆಂಬ ಹೊತ್ತಿಗೆ ನಾಟಕಕಾರ ವಯೋಲಾಳದೇ ಮುಖದ ಅವಳಿ ಅಣ್ಣನೊಬ್ಬನನ್ನು ಸಮುದ್ರದಿಂದ ಎತ್ತಿ ತಂದು ಒಲಿವಿಯಾಳಿಗೆ ಗಂಟುಹಾಕುತ್ತಾನೆ. ಬಾಗಿಲು ತೆರೆದದ್ದೂ ಅವನೇ, ಹಾಕಿದ್ದೂ ಅವನೇ.

ನಮ್ಮ ನೆರೆಯ ಮರಾಠಿಯಲ್ಲಿ ವಿಜಯ ತೆಂಡೂಲ್ಕರರು 1981ರಲ್ಲಿ ‘ಮಿತ್ರಾಚೀ ಗೋಷ್ಟ’ ಎಂಬ ನಾಟಕವನ್ನು ರಂಗಕ್ಕೆ ತಂದರು. ಮಿತ್ರಾ ಎಂಬವಳು ನಮಾ ಎಂಬವಳನ್ನು ಪ್ರೀತಿಸುವ ಆ ಕತೆ ಸಾವಿನಲ್ಲಿಯೇ ಮುಗಿಯುತ್ತದೆ. ರೋಹಿಣಿ ಹಟ್ಟಂಗಡಿಯವರಂಥ ನಟಿ ಆ ಪಾತ್ರ ವಹಿಸಿದ್ದರು. ಧೈರ್ಯದ ನಾಟಕ, ಸಂದೇಹವಿಲ್ಲ. ಆದರೂ ನಾಯಕಿ ಬದುಕಿ ಉಳಿದಿದ್ದರೆ ಏನು ಮಾಡಬೇಕೆಂಬುದು ಆ ಕಾಲದ ರಂಗಭೂಮಿಗೆ ತಿಳಿದಿರಲಿಲ್ಲ. ದೀಪಾ ಮೆಹ್ತಾರ 1996ರ ‘ಫೈರ್’ ಚಿತ್ರ 1998ರಲ್ಲಿ ನಮ್ಮ ದೇಶದಲ್ಲಿ ತೆರೆಕಂಡಾಗ ಮುಂಬಯಿಯಲ್ಲಿ ಚಿತ್ರಮಂದಿರದ ಗಾಜು ಒಡೆದವು. ಅದರಲ್ಲಿ ಒಂದೇ ಮನೆಯ ಓರಗಿತ್ತಿಯರಿಬ್ಬರು ಬದುಕುತ್ತಾರೆ, ಕೊನೆಗೆ ಕೂಡುತ್ತಾರೆ. ಎಲ್ಲಿ? ಯಾವ ಮನೆಯಲ್ಲಿಯೂ ಅಲ್ಲ, ಒಂದು ದರ್ಗಾದ ಅಂಗಳದಲ್ಲಿ. ಗುಡ್ಡದ ಯಲ್ಲಮ್ಮನನ್ನು ಬಲ್ಲ ನಮ್ಮ ಓದುಗರಿಗೆ ಆ ಕೊನೆ ಪರಕೀಯವೆನಿಸಬೇಕಾಗಿಲ್ಲ. ಮನೆ ಹೊರಗೆ ಹಾಕಿದವರನ್ನು ಗುಡಿಯ ಕಟ್ಟೆ ಕೂಡಿಸಿಕೊಳ್ಳುತ್ತದೆ.

ಅಮೆರಿಕದಲ್ಲಿ ಪೆಟ್ರೀಷಿಯಾ ಹೈಸ್ಮಿತ್ 1952ರಲ್ಲಿಯೇ, ತನ್ನ ಹೆಸರು ಮುಚ್ಚಿಟ್ಟು, ಇಂಥದೊಂದು ಕಾದಂಬರಿ ಬರೆದಳು. ಅಗಲಿದ ಇಬ್ಬರು ಹೆಂಗಸರು ಕೊನೆಯಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ಬರುತ್ತಾರೆ. ಯಾರೂ ಸಾಯುವುದಿಲ್ಲ, ಯಾರಿಗೂ ಹುಚ್ಚು ಹಿಡಿಯುವುದಿಲ್ಲ. ಓದುಗರಿಗೆ ಆಶ್ಚರ್ಯವಾದದ್ದೇ ಅದು.

ಇವೆಲ್ಲಕ್ಕಿಂತ ನಮ್ಮ ಬಯಲಾಟಕ್ಕೆ ಹತ್ತಿರದ್ದು ರಾಜಸ್ಥಾನದ ಬೋರುಂದಾ ಎಂಬ ಹಳ್ಳಿಯಲ್ಲಿ ಕೂತು ಜನರ ಕತೆಗಳನ್ನು ಹೊಸದಾಗಿ ಹೆಣೆದ ವಿಜಯದಾನ ದೇಥಾ ಹೇಳಿದ ಒಂದು ಕತೆ. ಇಬ್ಬರು ಶೆಟ್ಟರು ತಮಗೆ ಮಕ್ಕಳು ಹುಟ್ಟುವ ಮೊದಲೇ ಬೀಗತನ ಮಾತಾಡಿಕೊಂಡಿರುತ್ತಾರೆ. ಇಬ್ಬರಿಗೂ ಹೆಣ್ಣು ಹುಟ್ಟುತ್ತದೆ. ಜಿಪುಣನಾದ ಒಬ್ಬ ಶೆಟ್ಟಿ ವರದಕ್ಷಿಣೆಯ ಆಸೆಗೆ ಮಗಳನ್ನು ಮಗನೆಂದು ಸುಳ್ಳು ಹೇಳಿ, ಗಂಡುಡುಗೆಯಲ್ಲಿ ಬೆಳೆಸಿ, ಮದುವೆಯನ್ನೂ ಮಾಡಿಬಿಡುತ್ತಾನೆ. ಮೊದಲ ರಾತ್ರಿ ಗುಟ್ಟು ತೆರೆಯುತ್ತದೆ. ಬೀಜಾ, ತೀಜಾ ಎಂಬ ಆ ಹುಡುಗಿಯರು ಅಳುವುದರ ಬದಲು ಹೀಗೆಯೇ ಬಾಳೋಣವೆಂದು ನಿಶ್ಚಯಿಸುತ್ತಾರೆ. ಊರು ಬಿಡುತ್ತದೆಯೇ? ಹೊರಗೆ ಹಾಕುತ್ತದೆ. ಕಾಡಿನ ದೆವ್ವಗಳ ಒಡೆಯ ಅವರಿಗೆ ಮಹಲು ಕಟ್ಟಿಕೊಡುತ್ತಾನೆ. ಜನರ ಬಾಯಿಗೆ ಹೆದರಿ ಬೀಜಾ ತನ್ನನ್ನು ನಿಜವಾಗಿಯೇ ಗಂಡು ಮಾಡೆಂದು ವರ ಬೇಡಿ ಪಡೆಯುತ್ತಾಳೆ. ಅಲ್ಲಿಂದ ತೊಂದರೆ ಆರಂಭ. ಗಂಡಾದೊಡನೆ ಬೀಜಾನಿಗೆ ಗಂಡಸುತನದ ಗತ್ತು ಬರುತ್ತದೆ, ಅಪ್ಪಣೆ ಬರುತ್ತದೆ, ಹೊಡೆದು ಬಡಿದು ಆಳುವ ಮನಸ್ಸು ಬರುತ್ತದೆ. ಇಬ್ಬರೂ ದೂರವಾಗುತ್ತಾರೆ. ಮತ್ತೆ ಹೆಣ್ಣಾದ ಮೇಲೆಯೇ ಗೆಳತಿಯರು ಕೂಡುವುದು. ಮುನಿದು ಅಗಲಿದ ಗೆಳತಿಯರು ನಗುನಗುತ್ತ ಕೂಡುವ ಪ್ರಣಯಕತೆ ಬೇಕೆಂದರೆ ಇದಕ್ಕಿಂತ ಒಳ್ಳೆಯದು ಯಾವ ಭಾಷೆಯಲ್ಲಿದೆ? ಆದರೆ ಇಲ್ಲಿಯೂ ಮನೆ ಕಟ್ಟಿಕೊಟ್ಟದ್ದು ದೆವ್ವ. ಮನುಷ್ಯರ ಊರಿನಲ್ಲಿ ಕತೆಗಾರನಿಗೂ ಅವರಿಗೊಂದು ಜಾಗ ಹುಡುಕಲಾಗಲಿಲ್ಲ.

ಮನುಷ್ಯರ ಊರಿನಲ್ಲಿ ಏನಾಯಿತೆಂಬುದನ್ನು ಚುಟುಕಾಗಿ ಹೇಳಬಹುದು. 1860ರ ಭಾರತ ದಂಡಸಂಹಿತೆಯ 377ನೆಯ ಕಲಮು ಸಲಿಂಗ ಸಂಬಂಧವನ್ನು ಅಪರಾಧವಾಗಿಸಿತ್ತು. ಹೆಂಗಸರ ಮೇಲೆ ಅದರ ಪ್ರಯೋಗ ಕಡಿಮೆ. ಅವರ ಮಟ್ಟಿಗೆ ಪೊಲೀಸು ಕೆಲಸವನ್ನು ಮನೆಯವರೇ ಮಾಡುತ್ತಿದ್ದರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿತ ಸಂಬಂಧವನ್ನು ಆ ಕಲಮಿನಿಂದ ಬಿಡಿಸಿತು. 2022ರಲ್ಲಿ ಕೇರಳದ ಹೈಕೋರ್ಟಿನ ಮುಂದೆ, ಶಾಲೆಯ ದಿನಗಳಿಂದ ಗೆಳತಿಯರಾಗಿದ್ದ ಇಬ್ಬರು ಯುವತಿಯರ ಪ್ರಕರಣ ಬಂತು. ಒಬ್ಬಳನ್ನು ಮನೆಯವರು ಎಳೆದೊಯ್ದಿದ್ದರು, ಇನ್ನೊಬ್ಬಳು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ್ದಳು. ಇಬ್ಬರೂ ಪ್ರಾಯಕ್ಕೆ ಬಂದವರು, ಒಟ್ಟಿಗೆ ಬಾಳಲು ಬಯಸಿದವರು. ನ್ಯಾಯಾಲಯ ಹಾಗೆಯೇ ಬಾಳಿರೆಂದಿತು. ಅಗಲಿದ ಗೆಳತಿಯರು ಕೂಡುವ ಆಟದ ಕೊನೆಯ ಅಂಕ ಹೀಗೆ ಒಂದು ಕೋರ್ಟಿನ ಕಟಕಟೆಯಲ್ಲಿ ನಡೆದುಹೋಯಿತು, ಹಾಡಿಲ್ಲದೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇಂಥವರ ಮದುವೆಗೆ ಕಾನೂನಿನ ಮಾನ್ಯತೆ ಕೊಡಲು ನಿರಾಕರಿಸಿ, ಅದು ಶಾಸನಸಭೆಯ ಕೆಲಸವೆಂದಿತು. ಮದ್ರಾಸ್ ಹೈಕೋರ್ಟು 2025ರಲ್ಲಿ, ಮದುವೆಯೊಂದೇ ಕುಟುಂಬ ಕಟ್ಟುವ ದಾರಿಯಲ್ಲ ಎಂದು ಇಂಥದೇ ಇಬ್ಬರು ಹೆಂಗಸರ ಪ್ರಕರಣದಲ್ಲಿ ಹೇಳಿತು. ಒಟ್ಟಿಗೆ ಇರಬಹುದು, ಚಪ್ಪರ ಇನ್ನೂ ಇಲ್ಲ. ಇಲ್ಲಿಗೆ ಬಂದು ನಿಂತಿದೆ ವಿಚಾರ.

ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದು ಗಂಡು ಗಂಡನ್ನು ಪ್ರೀತಿಸುವ ಬಾಳಿನ ಕತೆಗಳನ್ನು ಮುಖ್ಯ ಸಾಹಿತ್ಯದ ಪಡಸಾಲೆಗೆ ತಂದಿತು. ಹೆಂಗಸರ ಇಂಥ ಕತೆ ಬರುವಾಗ ಅದು ದುಃಖದ ಕತೆಯಾಗಿಯೇ ಬರಬೇಕೆಂದೇನೂ ಇಲ್ಲ. ಪಾರಿಜಾತದ ಜಿಲ್ಲೆಯಲ್ಲಿ ಅದು ನಗೆಯ ಕತೆಯಾಗಿಯೂ ಬರಬಹುದು. ಸಂಗ್ಯಾ ಬಾಳ್ಯಾ ಆಟವನ್ನು ಕಟ್ಟಿದಾಗಲೂ ವ್ಯಾಪಾರಿಯ ಹೆಂಡತಿಯ ಕತೆಯನ್ನು ಅಟ್ಟದ ಮೇಲೆ ಹಾಡುವುದುಂಟೇ ಎಂದು ಹುಬ್ಬೇರಿಸಿದವರು ಇದ್ದಿರಲೇಬೇಕು. ಜನ ಆಟ ನೋಡಿದರು.

ಹೊಸ ಆಟ ಬರೆಯುವವರಿಗೆ ತೊಡಕು ಬರುವುದು ಬೇರೆ ಕಡೆ. ಬಯಲಾಟದ ಕಟ್ಟಳೆಯ ಪ್ರಕಾರ ಪಾತ್ರ ಅಟ್ಟಕ್ಕೆ ಬಂದೊಡನೆ ಭಾಗವತ ತಡೆದು ಕೇಳುತ್ತಾನೆ: ತಾವು ಯಾರು, ಯಾವ ಊರು, ಏನು ಕಾರಣ ಬರೋಣವಾಯಿತು? ಪಾತ್ರ ತನ್ನ ಹೆಸರು, ಕುಲ, ಸಂಬಂಧ ಎಲ್ಲವನ್ನೂ ಹಾಡಿ ಹೇಳಬೇಕು. ಪಂಚಮಿಗೆ ಬಂದ ಆ ಹೆಣ್ಣು ತನ್ನ ಹೆಸರು ಹೇಳಿಯಾಳು, ಊರೂ ಹೇಳಿಯಾಳು. ಜೋಕಾಲಿಯ ಆಚೆ ತುದಿಗೆ ಮುಖ ಊದಿಸಿಕೊಂಡು ನಿಂತ ಇನ್ನೊಬ್ಬಳನ್ನು ತೋರಿಸಿ ಭಾಗವತ ಮುಂದಿನ ಪ್ರಶ್ನೆ ಹಾಕುತ್ತಾನೆ: ‘ಆಕಿ ನಿನಗ ಏನಾಗಬೇಕವ್ವಾ?’